ಗೆರೆಯ ಹೊರಗಿನ ಕುರ್ಚಿ

ಫೆಬ್ರವರಿಯ ಒಂದು ಬೆಳಿಗ್ಗೆ ಬಸವಂತ ಸರ್ ನನ್ನ ಮೇಜಿನ ಮುಂದೆ ಬಂದು ನಿಂತು, "ಬಾಯಾರ, ನನಗೊಂದು ವಿಸಿಲ್ ತರಿಸಿ ಕೊಡ್ರಿ" ಎಂದರು.

ನಾನು ಕೀಬೋರ್ಡ್ ಬಿಟ್ಟು ಅವರ ಮುಖ ನೋಡಿದೆ. ಈ ಮನುಷ್ಯ ನಮ್ಮ ಕಾಲೇಜಿನ ಆಟದ ಕೋಚ್. ಬಂದು ಹತ್ತು ವರ್ಷದ ಮೇಲಾಯಿತು, ಒಂದು ದಿನವೂ ಅವರ ಕುತ್ತಿಗೆಯಲ್ಲಿ ವಿಸಿಲ್ ಕಂಡವರಿಲ್ಲ. ವಿಸಿಲ್ ಇಲ್ಲದೆ ಆಡಿಸುವುದೇ ಅವರ ಹೆಮ್ಮೆ. ಹೊರಗಿನಿಂದ ಯಾರು ಬಂದರೂ ಆ ಸಂಗತಿಯನ್ನು ಅವರಿಗಿಂತ ಮೊದಲು ನಾನೇ ಹೇಳಿಬಿಡುತ್ತಿದ್ದೆ.

"ಎಂಥದಕ್ಕೆ ವಿಸಿಲ್, ಮಾರಾಯ್ರೆ?"

"ಹುಡುಗರು ಜಗಳಾಡಾಕತ್ತಾರ್ರಿ. ಔಟಾದ್ರೂ ಯಾರೂ ಕೈ ಎತ್ತವಲ್ರು."

ಹೇಳಿದ ಮುಖದಲ್ಲಿ ಬೇಸರವಿಲ್ಲ, ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ಡಿಸೆಂಬರಿನಿಂದ ಆ ಮುಖ ಹಾಗೇ ಇತ್ತು. ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಬೇಕಾದರೆ ನನ್ನ ಗಂಡ ಫ್ರೆಡ್ಡಿಯನ್ನು ಕೇಳಿ, ಅವರು ಹಳೆಯ ಅನುಭವಸ್ಥರು. ಆದರೆ ಬಸವಂತ ಸರ್ ಮೇಲೆ ಸಿಟ್ಟು ಮಾಡಿದರೆ ಗೋಡೆಗೆ ಗುದ್ದಿ ಕೈ ನೋಯಿಸಿಕೊಂಡ ಹಾಗೆ. ವಿಸಿಲ್ ತರಿಸುತ್ತೇನೆ ಎಂದೆ. "ಆತ್ರಿ" ಎಂದು ಹೋದರು.

ನಾನು ಐಡಾ. ಊರು ಉಡುಪಿಯ ಕಡೆಯ ಶಿರ್ವ. ಒಮಾನ್‌ನಲ್ಲಿ, ಮಸ್ಕತ್‌ನ ಅಲ್ ಖೌದ್‌ನಲ್ಲಿ ಆ ದೊಡ್ಡ ವಿಶ್ವವಿದ್ಯಾಲಯ ಉಂಟಲ್ಲ, ಅದಲ್ಲ. ಅದರಿಂದ ಸ್ವಲ್ಪ ಆಚೆಗೆ ಇರುವ ಒಂದು ಸಣ್ಣ ಖಾಸಗಿ ಕಾಲೇಜು ನಮ್ಮದು. ಅಲ್ಲಿನ ವಿದ್ಯಾರ್ಥಿ ವಿಭಾಗದ ಆಫೀಸಿನಲ್ಲಿ ನಾನು ಸೆಕ್ರೆಟರಿ. ಹುಡುಗರ ಬಸ್ಸು, ಹಾಸ್ಟೆಲ್, ಜಗಳ, ಆಟ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದು ಹೋಗಬೇಕು. ಹೀಗಾಗಿ ಬಸವಂತ ಸರ್ ಕೂಡ ದಿನಾ ಹಾದು ಹೋಗುತ್ತಿದ್ದರು. ಅವರ ಗದಗಿನ ಕನ್ನಡ ಮೊದಮೊದಲು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡಕ್ಕೆ ಅವರು ನಗುತ್ತಿದ್ದರು. ಹೌದು, ಆಗ ನಗುತ್ತಿದ್ದರು.

ಅವರ ಹಳ್ಳಿ ರೋಣದ ಹತ್ತಿರ. ಕಬಡ್ಡಿಯಲ್ಲೇ ಹುಟ್ಟಿದವರು ಎನ್ನಬಹುದು. ಜಿಲ್ಲಾ ತಂಡದಲ್ಲಿ ಆಡಿ, ಪೊಲೀಸ್ ತಂಡದ ಆಯ್ಕೆಗೆ ಹೊರಡಬೇಕು ಎನ್ನುವಾಗ ಮೊಣಕಾಲು ತಿರುಚಿತು. ಆ ಕಾಲು ಇವತ್ತಿಗೂ ಮೆಟ್ಟಿಲು ಇಳಿಯುವಾಗ ಕಟಕ್ ಎನ್ನುತ್ತದೆ. ಆಡಲಾಗದಿದ್ದರೆ ಆಡಿಸಿಯಾದರೂ ಬದುಕೋಣವೆಂದು ಧಾರವಾಡದಲ್ಲಿ ವ್ಯಾಯಾಮ ಶಿಕ್ಷಣ ಓದಿದರು. ಎರಡು ಶಾಲೆಗಳಲ್ಲಿ ಹಂಗಾಮಿ ಮೇಷ್ಟ್ರಾದರು. ಆಮೇಲೆ ಒಮಾನ್‌ಗೆ ಬಂದರು. ಮೊದಲು ಸೊಹಾರ್‌ನ ಕಾರ್ಖಾನೆಯೊಂದರ ಕ್ಯಾಂಪಿನಲ್ಲಿ ಕೆಲಸಗಾರರಿಗೆ ವಾಲಿಬಾಲ್ ಆಡಿಸುವ ಕೆಲಸ. ಪಾಳಿ ಮುಗಿಸಿ ಬಂದ ಬಿಹಾರಿ, ಬಂಗಾಳಿ ಹುಡುಗರನ್ನು ಸೇರಿಸಿಕೊಂಡು ಅಲ್ಲಿಯೂ ಕಬಡ್ಡಿ ಶುರು ಹಚ್ಚಿದ್ದರಂತೆ. ಅಲ್ಲಿಂದ ಬುರೈಮಿಯ ಶಾಲೆಯೊಂದಕ್ಕೆ, ಬುರೈಮಿಯಿಂದ ನಮ್ಮಲ್ಲಿಗೆ. ಹೆಂಡತಿ ಉಜ್ವಲಾ ಮನೆಯಲ್ಲಿ. ಒಬ್ಬಳೇ ಮಗಳು ಐಶ್ವರ್ಯಾ ಮಸ್ಕತ್‌ನ ಇಂಡಿಯನ್ ಸ್ಕೂಲಿನಲ್ಲಿ. ಅಪ್ಪ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ.

ನಮ್ಮಲ್ಲಿ ಆಗ ಅಮೆರಿಕದ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದ. ಅವನ ತಲೆಯಲ್ಲಿ ಒಂದೇ ಹುಳ, ಅವನ ದೇಶದ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಕೆಲಸವೇ ಕಮ್ಮಿ! ಪಪ್ಪಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುವುದು, ಉಳಿದವರು ಅವನನ್ನು ಗುಮ್ಮಿ ಕೆಡವುವುದು. ಅಲ್ಲಿ ಕಾಲೇಜಿನ ಕೋಚ್ ಎಂದರೆ ಊರಿಗೇ ದೊಡ್ಡ ಮನುಷ್ಯನಂತೆ. ಇಲ್ಲಿ ಗುಮ್ಮುವುದಕ್ಕೆ ಡೀನ್ ಒಪ್ಪಲಿಲ್ಲ. ಅದಕ್ಕೆ ಅವನು ಅದರದೇ ಸಾಧು ರೂಪ ತಂದ, ಫ್ಲ್ಯಾಗ್ ಫುಟ್‌ಬಾಲ್. ಒಂದೊಂದು ಕಡೆಗೆ ಐದು ಜನ. ಸೊಂಟದ ಬೆಲ್ಟಿನಿಂದ ಎರಡು ಪಟ್ಟಿ ನೇತಾಡುತ್ತವೆ. ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅವನ ಓಟ ಅಲ್ಲಿಗೆ ಖಲಾಸ್. ಪಕ್ಕದ ಗೆರೆ ತುಳಿದರೂ ಖಲಾಸ್. ಯಾವುದೂ ಆಗದೆ ಕೊನೆಯ ಗೆರೆ ದಾಟಿದರೆ ಆರು ಅಂಕ.

ವರ್ಷ ತುಂಬುವುದರೊಳಗೆ ಅಮೆರಿಕದವನಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು. ಚೆಂಡು, ಬೆಲ್ಟು, ಹುಡುಗರು ಎಲ್ಲವೂ ಬಸವಂತ ಸರ್ ಕೊರಳಿಗೆ ಬಿದ್ದವು.

"ಗೊತ್ತುಂಟಾ ನಿಮಗೆ ಈ ಆಟ?" ಎಂದು ಕೇಳಿದೆ.

"ಪಟ್ಟಿ ಕೀಳೂದಲ್ರಿ? ನಮ್ಮೂರಾಗ ಕಾಲು ಹಿಡೀತಿದ್ವಿ, ಇಲ್ಲಿ ಪಟ್ಟಿ. ಉಳಿದದ್ದೆಲ್ಲಾ ಕಬಡ್ಡೀನ."

ಮೊದಲ ವರ್ಷ ಆಡಿದ್ದೆಲ್ಲ ಸೋತರು. ನಾನು ತಮಾಷೆ ಮಾಡಿದೆ, ಅವರೂ ನಕ್ಕರು. ಆದರೆ ಮೈದಾನದಲ್ಲಿ ಏನೋ ನಡೆಯುತ್ತಿತ್ತು. ಪ್ರಾಕ್ಟೀಸಿಗೆ ಮೊದಲು ಹುಡುಗರಿಗೆ ನಿತ್ಯ ಕಬಡ್ಡಿ. ಈ ಫ್ಲ್ಯಾಗ್ ಆಟದಲ್ಲಿ ಚೆಂಡು ಎಸೆಯುವವನು ಏಳು ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮ ಉಂಟು. ಇವರು ಅದನ್ನು ಉಸಿರಿನಿಂದ ಅಳೆಯಲು ಕಲಿಸಿದರು. ಒಮಾನಿ ಹುಡುಗರು ಬಾಯೊಳಗೇ "ಕಬಡ್ಡಿ ಕಬಡ್ಡಿ" ಎಂದು ಗೊಣಗುತ್ತ, ಉಸಿರು ಮುಗಿಯುವ ಮೊದಲು ಚೆಂಡು ಬಿಡುತ್ತಿದ್ದರು. ಎದುರು ತಂಡದವರು ಇದೇನೋ ಮಾಟ ಮಂತ್ರ ಎಂದುಕೊಂಡು ಪಿಳಿಪಿಳಿ ನೋಡುವುದು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಅದಕ್ಕಿಂತ ದೊಡ್ಡದು ಕೈ ಎತ್ತುವ ಪದ್ಧತಿ. ಅವರ ಹಳ್ಳಿಯ ಕಬಡ್ಡಿಗೆ ಅಂಪೈರ್ ಇರಲಿಲ್ಲವಂತೆ. ಎದುರಿನವನ ಬೆರಳು ತಾಗಿತೋ, ಕಾಲು ಗೆರೆ ತುಳಿಯಿತೋ, ಆಡುವವನೇ ಕೈ ಎತ್ತಿ ತಾನಾಗಿ ಹೊರಗೆ ಹೋಗಿ ಕೂರಬೇಕು. ಎತ್ತದವನನ್ನು ಮರುದಿನ ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ. "ಮುಟ್ಟಿದ್ದು ಮೈಗೆ ಗೊತ್ತಿರತೈತಿ. ಮೈಗೆ ಗೊತ್ತಾಗಿದ್ದನ್ನ ಕೈ ಹೇಳ್ಬೇಕು," ಇದು ಅವರ ಒಂದೇ ಪಾಠ. ಹುಡುಗರಿಗೆ ತಮ್ಮ ಇಂಗ್ಲಿಷಿನಲ್ಲಿ "ಬಾಡಿ ನೋ, ಹ್ಯಾಂಡ್ ಸೇ" ಎಂದು ಹೇಳಿಕೊಟ್ಟಿದ್ದರು. ಮೊದಮೊದಲು ಹುಡುಗರು ನಗುತ್ತಿದ್ದರು. ಆಮೇಲೆ ಅದೇ ಅವರ ಗತ್ತಾಯಿತು. ರೆಫರಿ ನೋಡದಿದ್ದರೂ ನಮ್ಮ ಹುಡುಗನ ಕೈ ಮೇಲೆ. ಒಂದೆರಡು ಪಂದ್ಯ ಹಾಗೆ ಕೈ ಎತ್ತಿಯೇ ಸೋತದ್ದೂ ಉಂಟು. ಆದರೆ ರೆಫರಿಗಳು ನಮ್ಮ ಹುಡುಗರ ಮಾತನ್ನು ಕಣ್ಣು ಮುಚ್ಚಿ ನಂಬುತ್ತಿದ್ದರು.

ಮೂರನೆಯ ವರ್ಷ ಗೆಲ್ಲತೊಡಗಿದರು. ನಾಲ್ಕನೆಯ ವರ್ಷ ಸೆಮಿಫೈನಲ್. ಬಾಸಿಲ್ ಎಂಬ ಹುಡುಗ ಸೇರಿದ್ದು ಆಗಲೇ. ರುಸ್ತಾಕ್ ಕಡೆಯ ಒಮಾನಿ, ಕಡ್ಡಿಯಂಥ ದೇಹ, ಓಡಿದರೆ ಹಿಡಿಯುವವರಿಲ್ಲ. ಬಸವಂತ ಸರ್‌ಗೆ ಅವನನ್ನು ಕಂಡರೆ ತಮ್ಮ ತಿರುಚಿದ ಮೊಣಕಾಲು ಮತ್ತೆ ನೆಟ್ಟಗಾದಷ್ಟು ಖುಷಿ. ಕೈ ಎತ್ತುವುದರಲ್ಲಿಯೂ ಅವನೇ ಮುಂದೆ.

ಹೋದ ನವೆಂಬರಿನಲ್ಲಿ ಡೀನ್, ಬಸವಂತ ಸರ್ ಅವರನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ. ಡೀನ್ ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳುವವರಲ್ಲ. ಕ್ರೀಡಾ ಹುದ್ದೆಗೆ ಇನ್ನು ಒಮಾನಿಯನ್ನೇ ತೆಗೆದುಕೊಳ್ಳಬೇಕು, ಡಿಸೆಂಬರ್ ಕೊನೆಗೆ ಕಾಂಟ್ರಾಕ್ಟ್ ಮುಗಿದರೆ ಮತ್ತೆ ಮುಂದುವರಿಸುವುದಿಲ್ಲ ಎಂದರು. ಇದು ನಮ್ಮೆಲ್ಲರಿಗೂ ಒಂದಲ್ಲ ಒಂದು ದಿನ ಬರುವ ಮಾತೇ. ಅವರ ದೇಶ, ಅವರ ಮಕ್ಕಳಿಗೆ ಕೆಲಸ; ತಪ್ಪೇನೂ ಇಲ್ಲ. ಆದರೆ ಐಶ್ವರ್ಯಾ ಆಗ ಹನ್ನೆರಡನೆಯ ಕ್ಲಾಸು. ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಅಪ್ಪನ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮೂವರೂ ವಿಮಾನ ಹತ್ತಬೇಕು. ಪರೀಕ್ಷೆಯ ಹೊಸ್ತಿಲಲ್ಲಿ ಯಾವ ಊರಿನ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಹುಡುಗಿಯ ಒಂದು ವರ್ಷ ನೀರಿನಲ್ಲಿ ಹೋಮ.

"ಜೂನ್ ತನಕ ಕೊಡ್ರಿ ಸರ್," ಎಂದು ಬಸವಂತ ಸರ್ ಕೇಳಿದರು. ಅವರು ಯಾರ ಹತ್ತಿರವಾದರೂ ಏನನ್ನಾದರೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಡೀನ್ ಸ್ವಲ್ಪ ಯೋಚಿಸಿದರು. ಆಡಳಿತ ಮಂಡಳಿಗೆ ತೋರಿಸಲು ಏನಾದರೂ ಬೇಕು, ಅಂತರಕಾಲೇಜು ಕಪ್ ಬಂದರೆ ಅದನ್ನು ಹಿಡಿದು ಜೂನ್ ತನಕ ಕೇಳಬಲ್ಲೆ, ಬರಿಗೈಯಲ್ಲಿ ಕೇಳಲಾರೆ ಎಂದರು. ಹೊರಗೆ ಬಂದ ಮೇಲೆ ನಾನು, "ಗೆದ್ದುಬಿಡಿ, ಮುಗೀತಲ್ಲ!" ಎಂದೆ. "ನೋಡೂಣ್ರಿ," ಎಂದು ನಕ್ಕರು. ಆ ನಗೆಯಲ್ಲಿ ಜೀವ ಇರಲಿಲ್ಲ.

ಫೈನಲ್ ನಮ್ಮ ಮೈದಾನದಲ್ಲೇ, ಡಿಸೆಂಬರಿನ ಒಂದು ಗುರುವಾರ ಮಧ್ಯಾಹ್ನದಾಚೆಯ ಅಸರ್ ನಮಾಜು ಮುಗಿದ ಮೇಲೆ. ಎದುರಿಗೆ ಸೊಹಾರ್‌ನ ಕಾಲೇಜು. ಡೀನ್ ಮುಂದಿನ ಸಾಲಿನಲ್ಲಿ. ಉಜ್ವಲಾ, ಐಶ್ವರ್ಯಾ ಮೆಟ್ಟಿಲ ಮೇಲೆ. ಹುಡುಗಿಯ ತೊಡೆಯ ಮೇಲೆ ಫಿಸಿಕ್ಸ್ ಪುಸ್ತಕ. ಫ್ರೆಡ್ಡಿಯನ್ನೂ ಎಳೆದುಕೊಂಡು ಬಂದಿದ್ದೆ. ನಾನು ನೀರಿನ ಬಾಟಲಿ, ಖರ್ಜೂರದ ಡಬ್ಬಿ ಹಿಡಿದುಕೊಂಡು ಪಕ್ಕದ ಗೆರೆಯ ಹತ್ತಿರ, ಬಸವಂತ ಸರ್ ಮಗ್ಗುಲಲ್ಲೇ ನಿಂತಿದ್ದೆ. ಸೊಹಾರ್‌ನವರು ಗಟ್ಟಿಗರು. ಆಟ ಮುಗಿಯುವ ಹೊತ್ತಿಗೆ ನಾವು ನಾಲ್ಕು ಅಂಕ ಹಿಂದೆ, ಇನ್ನು ಒಂದೇ ಒಂದು ಸಲ ಚೆಂಡು ನಮ್ಮ ಕೈಗೆ. ನಾನು ಗೊತ್ತಿದ್ದ ಸಂತರನ್ನೆಲ್ಲ ಕರೆದೆ.

ಚೆಂಡು ಬಾಸಿಲ್ ಕೈಗೆ ಬಂತು. ನಮ್ಮ ಬದಿಯಲ್ಲೇ ಗೆರೆಗುಂಟ ಓಡಿದ. ಒಬ್ಬ ಪಟ್ಟಿಗೆ ಕೈ ಹಾಕಿದಾಗ ಇವನು ಸೊಂಟ ತಿರುಗಿಸಿದ, ಶುದ್ಧ ಕಬಡ್ಡಿಯ ತಿರುಗು. ಆ ತಿರುಗಿನಲ್ಲಿ ಅವನ ಬಲಗಾಲು ನಮ್ಮ ಕಣ್ಣೆದುರೇ ಗೆರೆಯ ಮೇಲೆ ಬಿತ್ತು. ಸುಣ್ಣದ ಪುಡಿ ಹಾರಿದ್ದು ನನಗೆ ಕಂಡಿತು. ರೆಫರಿಗೆ ಅಡ್ಡವಾಗಿ ಸೊಹಾರ್‌ನ ಹುಡುಗ ಇದ್ದ, ಅವನಿಗೆ ಕಾಣಲಿಲ್ಲ. ಬಾಸಿಲ್ ಓಡಿದ ವೇಗಕ್ಕೇ ಕೊನೆಯ ಗೆರೆ ದಾಟಿದ. ರೆಫರಿ ಎರಡೂ ಕೈ ಎತ್ತಿ ಅಂಕ ಎಂದು ಸಾರಿದ. ಜನ ಕೂಗಿದರು.

ಬಾಸಿಲ್ ಕೂಗಲಿಲ್ಲ. ಚೆಂಡು ಕೆಳಗೆ ಹಾಕಿ ನಮ್ಮ ಕಡೆ ತಿರುಗಿದ. ಅವನ ಬಲಗೈ ಮೇಲೇಳುತ್ತಿತ್ತು.

ನಾನು ಬಸವಂತ ಸರ್ ಕಡೆ ನೋಡಿದೆ. ಅವರು ಬಾಸಿಲ್‌ನನ್ನು ನೋಡಿದರು, ಮೆಟ್ಟಿಲ ಮೇಲಿದ್ದ ಮಗಳನ್ನು ನೋಡಿದರು. ಆಮೇಲೆ ಅವರ ಬಾಯಿಂದ ಒಂದು ಕೂಗು ಬಂತು. ಅಂಥ ಧ್ವನಿ ಅವರಲ್ಲಿ ಉಂಟೆಂದು ನನಗೆ ಗೊತ್ತಿರಲಿಲ್ಲ.

"ಕೈ ಇಳಸೋ!"

ಬಾಸಿಲ್‌ಗೆ ಕನ್ನಡ ಬಾರದು. ಆದರೂ ತಿಳಿಯಿತು. ಹೆಗಲ ತನಕ ಬಂದಿದ್ದ ಕೈ ಅಲ್ಲೇ ನಿಂತು, ಸುಮ್ಮನೆ ಕೂದಲು ಸರಿ ಮಾಡಿಕೊಂಡು ಕೆಳಗಿಳಿಯಿತು. ಅಷ್ಟರಲ್ಲಿ ತಂಡದವರೆಲ್ಲ ಅವನ ಮೇಲೆ ಬಿದ್ದರು. ಆಟ ಮುಗಿಯಿತು. ಕಪ್ ನಮ್ಮದಾಯಿತು.

ನಾನು ಬಾಯಿಗೆ ಬೆರಳು ಹಾಕಿ ಶಿಳ್ಳೆ ಹೊಡೆದೆ, ಫ್ರೆಡ್ಡಿ ನಾಚಿಕೆಯಿಂದ ಬೇರೆ ಕಡೆ ನೋಡಿದರು. ಉಜ್ವಲಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಡೀನ್ ಬಂದು ಬಸವಂತ ಸರ್ ಬೆನ್ನು ತಟ್ಟಿ, "ಜೂನ್," ಎಂದು ಒಂದೇ ಮಾತು ಹೇಳಿ ಹೋದರು. ಕಾರಿನ ಹತ್ತಿರ ಹೋಗುವಾಗ ಕಪ್ ಬಸವಂತ ಸರ್ ಕೈಯಲ್ಲಿತ್ತು, ಉಳಿದ ಬಾಟಲಿಗಳು ನನ್ನ ಕೈಯಲ್ಲಿ. ಐಶ್ವರ್ಯಾ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು.

"ಐ ಹರ್ಡ್ ಯು, ಅಪ್ಪಾ," ಎಂದಳು.

"ಏನವಾ?"

"ನಥಿಂಗ್," ಎಂದು ಕಾರು ಹತ್ತಿದಳು.

ಕ್ರಿಸ್ಮಸ್ ಮುಗಿಸಿ ಜನವರಿಯಲ್ಲಿ ನಾವು ಮತ್ತೆ ಕೆಲಸಕ್ಕೆ ಬಂದಾಗ ಬಸವಂತ ಸರ್ ಬೇರೆಯೇ ಆಗಿದ್ದರು. ಬಡವಾಗಿರಲಿಲ್ಲ, ಕಾಯಿಲೆ ಬಿದ್ದಿರಲಿಲ್ಲ. ಕೆಲಸಕ್ಕೆ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಒಳಗೆ ಯಾರೂ ಇರಲಿಲ್ಲ. ನಾನು ಮಾಡಿಕೊಟ್ಟ ಕ್ರಿಸ್ಮಸ್ ತಿಂಡಿಗಳ, ನಮ್ಮ ಕುಸ್ವಾರಿನ, ಡಬ್ಬಿಯನ್ನು ಪ್ರತಿ ವರ್ಷ ನನ್ನ ಮುಂದೆಯೇ ತೆರೆದು ಮೊದಲು ಚಕ್ಕುಲಿ ಹುಡುಕುವವರು, ಈ ಸಲ ಮುಚ್ಚಳ ಕೂಡ ತೆಗೆಯದೆ ಚೀಲಕ್ಕೆ ಹಾಕಿದರು.

ಮೈದಾನದಲ್ಲಿ ಇನ್ನೊಂದು ವಿಚಿತ್ರ. ಮೊದಲೆಲ್ಲ ಹುಡುಗರ ನಡುವೆಯೇ ಇರುತ್ತಿದ್ದವರು, ಈಗ ಸ್ಟೋರಿನಿಂದ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಪಕ್ಕದ ಗೆರೆಯ ಹೊರಗೆ ಹಾಕಿಕೊಂಡು ಕೂರತೊಡಗಿದರು. ಏನು ಹೇಳಬೇಕಿದ್ದರೂ ಅಲ್ಲಿಂದಲೇ. ಹುಡುಗರು ಬಂದು ಕೇಳಬೇಕು, ಇವರು ಒಳಗೆ ಹೋಗುವುದಿಲ್ಲ. ಮೊಣಕಾಲು ನೋವೋ ಏನೋ ಎಂದು ನಾನು ಎಣ್ಣೆ ತರಿಸಿಕೊಟ್ಟೆ. "ನೋವಿಲ್ರಿ," ಎಂದರು.

ಒಂದು ಸಂಜೆ ಇಬ್ಬರಿಗೂ ಕರಕ್ ಚಹಾ ತೆಗೆದುಕೊಂಡು ಅಲ್ಲಿಗೇ ಹೋದೆ. ಹಾಳೆಯಂಥ ತೆಳು ಲೋಟ, ಒಳಗೆ ಕುದಿಯುವ ಚಹಾ. ನನಗಂತೂ ಹಿಡಿಯಲಾಗದೆ ಸೆರಗು ಸುತ್ತಿಕೊಂಡಿದ್ದೆ. ಅವರು ಬರಿಗೈಯಲ್ಲಿ ಮುಷ್ಟಿ ತುಂಬ ಹಿಡಿದು ಕೂತರು. ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ಬೆರಳು ಕೆಂಪಾದದ್ದು ನನಗೆ ಕಂಡಿತು.

"ದೆವಾ ಮ್ಹಜ್ಯಾ! ಸುಡುವುದಿಲ್ವಾ ನಿಮಗೆ? ಕೆಳಗಿಡಿ ಮಾರಾಯ್ರೆ!"

ಅವರು ಕೈ ನೋಡಿಕೊಂಡರು. ಲೋಟ ಕೆಳಗಿಟ್ಟರು.

"ಗೊತ್ತಾಗವಲ್ದು ಬಾಯಾರ. ಈಚೀಚೆಗೆ ಮೈಗೆ ಏನೂ ಗೊತ್ತಾಗವಲ್ದು."

ನನಗೆ ತಡೆಯಲಾಗಲಿಲ್ಲ. ಎರಡು ವಾರದಿಂದ ಒಳಗೆ ಕುದಿಯುತ್ತಿದ್ದದ್ದನ್ನೆಲ್ಲ ಹೊರಗೆ ಹಾಕಿದೆ. "ನೋಡಿ, ನಾನೂ ಅಲ್ಲೇ ಇದ್ದೆ. ನಾನೂ ನೋಡಿದ್ದೇನೆ. ಬೆರಳಷ್ಟು ಅಗಲದ ಒಂದು ಗೆರೆ! ಅದಕ್ಕೆ ಎಷ್ಟು ದಿನ ಹೀಗೆ ಕಲ್ಲು ನುಂಗಿದ ಹಾಗೆ ಕೂತುಕೊಳ್ಳುವುದು? ಆ ಹುಡುಗಿ ಪರೀಕ್ಷೆಗೆ ಕೂರುತ್ತಾಳೆ, ಅದು ಸಣ್ಣ ಸಂಗತಿಯಾ? ನನ್ನ ಮಗಳಿಗಾಗಿದ್ದರೆ ನಾನು ಗೆರೆಯನ್ನೇ ಅಳಿಸಿ ಬರುತ್ತಿದ್ದೆ."

"ನೀವು ಅಳಿಸ್ತಿದ್ರಿ, ಖರೆ," ಎಂದರು. ನಗಲಿಲ್ಲ. "ನಾನು ಗೆರಿ ಅಳಿಸಿದ್ರ ತಪ್ಪು ನಂದಷ್ಟ ಇರ್ತಿತ್ರಿ. ಹುಡುಗನ ಕೈ ಇಳಿಸಿದೆ. ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ."

"ನಿಮ್ಮ ಅಡಿಕೆಯೂ ಬೇಡ, ಆನೆಯೂ ಬೇಡ. ಹೋಗಲಿ, ಆ ಕುರ್ಚಿಯನ್ನಾದರೂ ಒಳಗೆ ಹಾಕಿಕೊಳ್ಳಿ. ಹುಡುಗರು ನಿಮ್ಮನ್ನು ನೋಡಲು ಕುತ್ತಿಗೆ ತಿರುಗಿಸಬೇಕು."

"ಔಟಾದವ ಒಳಗ ಕೂಡಂಗಿಲ್ರಿ ಬಾಯಾರ."

ಎಷ್ಟು ಸಹಜವಾಗಿ ಹೇಳಿದರೆಂದರೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿದ ಹಾಗಿತ್ತು. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂರಬೇಕು. ಎದುರಿನವನೊಬ್ಬ ಔಟಾದರೆ ಇವನು ಮತ್ತೆ ಒಳಗೆ ಬರಬಹುದು. ಒಬ್ಬ ಹೊರಗೆ, ಒಬ್ಬ ಒಳಗೆ. ಹುಡುಗರಿಗೆ ಅದನ್ನು ಅವರೇ ಕಲಿಸುವಾಗ ನಾನು ಕೇಳಿದ್ದೆ. ಈಗ ತಮ್ಮ ಮಟ್ಟಿಗೂ ಅದನ್ನೇ ಮಾಡಿಕೊಂಡು ಕೂತಿದ್ದರು. ಅವತ್ತು ಚಹಾ ಚೆಲ್ಲಿ ಲೋಟಗಳನ್ನು ತೆಗೆದುಕೊಂಡು ಬಂದೆ.

ಅದರ ನಂತರದ್ದೇ ಈ ವಿಸಿಲ್ ಸಂಗತಿ. ಕೋಚ್ "ಇಳಿಸು" ಎಂದ ಮೇಲೆ ಎತ್ತುವವರು ಯಾರು? ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಹುಡುಗರ ಕೈಗಳು ತಾವಾಗಿಯೇ ಭಾರವಾದವು. ಪಟ್ಟಿ ಮುಟ್ಟಿದೆ, ಮುಟ್ಟಿಲ್ಲ, ತುಳಿದೆ, ತುಳಿದಿಲ್ಲ, ದಿನಾ ಇದೇ ಗಲಾಟೆ. ಬಾಸಿಲ್ ಜಗಳವಾಡುತ್ತಿರಲಿಲ್ಲ. ಅವನು ಗೆರೆಯ ಹತ್ತಿರವೇ ಓಡುತ್ತಿರಲಿಲ್ಲ. ಮೈದಾನದ ನಟ್ಟ ನಡುವೆ ಓಡಿ ಸುಲಭವಾಗಿ ಸಿಕ್ಕಿಬೀಳುತ್ತಿದ್ದ. ಪೇಟೆಯಿಂದ ಕಪ್ಪು ದಾರದ ವಿಸಿಲ್ ತರಿಸಿ ಕೊಟ್ಟೆ. ಬಸವಂತ ಸರ್ ಕೊರಳಿಗೆ ಹಾಕಿಕೊಂಡರು. ಕುರ್ಚಿಯಲ್ಲಿ ಕೂತು ಊದುತ್ತಿದ್ದರು, ಹುಡುಗರು ನಿಲ್ಲುತ್ತಿದ್ದರು. ಅಲ್ಲಿ ಕೂತವರು ಯಾವ ಕಾಲೇಜಿನ ಯಾವ ಕೋಚ್ ಬೇಕಾದರೂ ಆಗಬಹುದಿತ್ತು.

ಐಶ್ವರ್ಯಾ ಪರೀಕ್ಷೆ ಬರೆದಳು. ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಉಜ್ವಲಾ ನನಗೇ ಮೊದಲು ಫೋನ್ ಮಾಡಿದರು, ತೊಂಬತ್ತರ ಮೇಲೆ ಬಂದಿತ್ತು. ನಾನು ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಕ್ರೀಡಾ ಕೋಣೆಗೆ ಓಡಿದೆ. ಬಸವಂತ ಸರ್ ಚೆಂಡಿಗೆ ಗಾಳಿ ತುಂಬಿಸುತ್ತಿದ್ದರು.

"ತೊಂಬತ್ತರ ಮೇಲೆ, ಮಾರಾಯ್ರೆ! ಸಿಹಿ ಎಲ್ಲಿ?"

"ಆತ್ರಿ," ಎಂದರು. ಪಂಪು ನಿಲ್ಲಿಸಲಿಲ್ಲ. ಚೆಂಡನ್ನು ಒಮ್ಮೆ ಒತ್ತಿ ನೋಡಿ, "ಚಲೋ ಆತು," ಎಂದು ಸೇರಿಸಿದರು, ನನ್ನ ಸಮಾಧಾನಕ್ಕೆ. ಯಾವುದಕ್ಕಾಗಿ ಅಷ್ಟೆಲ್ಲ ಆಯಿತೋ ಅದು ಕೈಗೆ ಬಂದ ದಿನ ಆ ಕೈಗೆ ಅದು ಬಂದದ್ದೇ ತಿಳಿಯಲಿಲ್ಲ. ನನಗೆ ಅಲ್ಲೇ ಅಳು ಬಂತು. ಅವರು ಗಾಬರಿಯಾಗಿ ನೀರು ಕೊಟ್ಟರು.

ಕೊನೆಯ ಪ್ರಾಕ್ಟೀಸು ಮೇ ತಿಂಗಳ ಕೊನೆಯ ವಾರ. ಸಂಜೆಯಾದರೂ ನೆಲದಿಂದ ಬೆಂಕಿಯಂಥ ಝಳ. ಅವರ ಜಾಗಕ್ಕೆ ಬಂದಿದ್ದ ಒಮಾನಿ ಹುಡುಗ ಚುರುಕಿನವನು, ಮರ್ಯಾದೆಯವನು. ಬಸವಂತ ಸರ್ ವಿಸಿಲನ್ನು ಅವನ ಕೈಗೆ ಕೊಟ್ಟಾಗಿತ್ತು. ಹುಡುಗರು ಕೇಕ್ ತಂದಿದ್ದರು, ಫೋಟೋ ತೆಗೆದರು. ಆಮೇಲೆ ತಮ್ಮೊಳಗೇ ಎರಡು ತಂಡ ಮಾಡಿಕೊಂಡು ಒಂದು ಆಟ ಆಡಿದರು. ಬಸವಂತ ಸರ್ ನೀಲಿ ಕುರ್ಚಿಯಲ್ಲಿ, ಗೆರೆಯ ಹೊರಗೆ. ಪಕ್ಕದಲ್ಲಿ ನಾನು ನೀರಿನ ಬಾಟಲಿಗಳ ಜೊತೆ ನಿಂತಿದ್ದೆ.

ಚೆಂಡು ಬಾಸಿಲ್ ಕೈಗೆ ಬಂತು. ಅವನು ಅವತ್ತು ಗೆರೆಗುಂಟ ಓಡಿದ, ನಮ್ಮ ಕಡೆಯಿಂದಲೇ. ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬನನ್ನು ತಪ್ಪಿಸಿದ. ಕುರ್ಚಿಯ ಎದುರು ಬಂದಾಗ ಅವನ ಕಾಲು ಗೆರೆಯನ್ನು ಸವರಿತು. ಬೇಕೆಂದೇ ತುಳಿದನೋ, ತಪ್ಪಿ ತುಳಿದನೋ, ದೇವರಾಣೆ ನನಗೆ ಗೊತ್ತಿಲ್ಲ. ಹೊಸ ಕೋಚ್ ನೋಡಲಿಲ್ಲ, ವಿಸಿಲ್ ಊದಲಿಲ್ಲ. ಮುಂದೆ ಬಯಲು ಖಾಲಿ ಇತ್ತು.

ಬಾಸಿಲ್ ನಿಂತ. ಚೆಂಡು ಕೆಳಗಿಟ್ಟು ಬಲಗೈಯನ್ನು ನೆಟ್ಟಗೆ ಮೇಲೆತ್ತಿದ. ಹುಡುಗರೆಲ್ಲ ಇದ್ದಲ್ಲೇ ನಿಂತರು. ಅವನು ಕೈ ಇಳಿಸದೆಯೇ ಕುರ್ಚಿಯ ಮುಂದೆ ಬಂದ.

"ಕೋಚ್, ನಾನು ಔಟ್," ಎಂದ, ಅವರೇ ಕಲಿಸಿದ ಮುರುಕು ಇಂಗ್ಲಿಷಿನಲ್ಲಿ. "ಒಬ್ಬ ಹೊರಗೆ, ಒಬ್ಬ ಒಳಗೆ. ಯಲ್ಲಾ, ನೀವು ಬನ್ನಿ."

ಬಸವಂತ ಸರ್ ಎದ್ದರು. ಮೊಣಕಾಲು ಕಟಕ್ ಎಂದಿತು. ಗೆರೆಯ ತನಕ ಬಂದು ನಿಂತು ಕೆಳಗೆ ನೋಡಿದರು. ಬಲಗಾಲು ಒಂದಿಷ್ಟು ಮೇಲೆದ್ದಿತು. "ದಾಟಿ ಮಾರಾಯ್ರೆ," ಎಂದೆ, "ಒಂದು ಹೆಜ್ಜೆ, ದಾಟಿಬಿಡಿ!"

ಕಾಲು ಮತ್ತೆ ಗೆರೆಯ ಹೊರಗೇ ಇಳಿಯಿತು.

ಬಾಸಿಲ್ ಕೈ ಇನ್ನೂ ಮೇಲೆಯೇ ಇತ್ತು. ಇವರು ಒಳಗೆ ಬರುವ ತನಕ ಇಳಿಸುವುದಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಬಸವಂತ ಸರ್ ಗೆರೆಯ ಹೊರಗಿನಿಂದಲೇ ಎರಡೂ ಕೈ ಚಾಚಿ ಆ ಕೈಯನ್ನು ಹಿಡಿದರು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗೆ ತಂದರು.

"ಕೈ ಇಳಸಪಾ," ಎಂದರು. "ಸಾಕು."

ಬಾಸಿಲ್ ತಲೆ ತಗ್ಗಿಸಿ ನಿಂತ. ಬಸವಂತ ಸರ್ ಹಿಂದೆ ತಿರುಗಿ ಕುರ್ಚಿಯ ಮೇಲಿನ ಮಣ್ಣು ಒರೆಸಿ, ಅದನ್ನು ಎತ್ತಿಕೊಂಡರು.

"ಬಾಯಾರ, ಈ ಕುರ್ಚಿ ಸ್ಟೋರಿಗೆ ಕೊಟ್ಟು ಹೋಗ್ತೀನ್ರಿ," ಎಂದು ಗೆರೆಗುಂಟ ಹೊರಗಿನಿಂದಲೇ ನಡೆದು ಹೋದರು.